ಹೊನ್ನೆ ಬೀರು

ಅಳತೆ ಟೇಪು ಹಿಡಿದು ಊಟದ ಕೋಣೆಯ ಗೋಡೆಯನ್ನು ಮತ್ತೆ ಅಳೆಯುತ್ತಿದ್ದ ನನ್ನನ್ನು ನೋಡಿ ನನ್ನ ಗಂಡ ನವೀನ್‌ಕುಮಾರ್, “ಗೋಡೆ ಬೆಳೆಯಾಕಿಲ್ಲ ಕಣೇ, ನೆನ್ನೆ ಇದ್ದಷ್ಟೇ ಐತೆ” ಎಂದರು.

ಗೋಡೆ ಬೆಳೆಯದಿದ್ದರೂ ಬೀರುವಿನ ನಕ್ಷೆ ದಿನಕ್ಕೊಂದು ಮೈ ಬೆಳೆಸುತ್ತಿತ್ತು. ಮೇಲೆ ಗಾಜಿನ ಬಾಗಿಲು, ಕೆಳಗೆ ಪಾತ್ರೆಯ ಅರೆ, ನಡುವೆ ಚಮಚ, ಸೌಟುಗಳಿಗೆ ಮೊಳದೆತ್ತರದ ಅಗಲವಾದ ಡ್ರಾಯರು. ಬಡವನಹಳ್ಳಿ ಶಾಲೆಯಲ್ಲಿ ಗಣಿತ ಹೇಳುವವಳು ನಾನು. ಕಪ್ಪುಹಲಗೆಯ ಮೇಲೆ ನನ್ನ ಚೌಕಗಳು ನೆಟ್ಟಗೆ ನಿಲ್ಲುತ್ತವೆ. ಹೊನ್ನೆ ಹಲಗೆಯ ಮೇಲೆ ಅವಕ್ಕೆ ಸೊಟ್ಟ ಬುದ್ಧಿ.

ಕೊಡಿಗೇನಹಳ್ಳಿಯ ನನ್ನ ತವರುಮನೆ ಕೆಡವಿದಾಗ ಅಣ್ಣ ಸುರೇಶ್ ಅಟ್ಟದ ಹಲಗೆಗಳನ್ನು ನನಗೆ ಕಳಿಸಿದ್ದ. ಅವುಗಳ ಮೇಲೆ ಮಲಗಿ ನಾನು ಪರೀಕ್ಷೆಗೆ ಓದಿದ್ದೆ. ಆ ಮನೆಯದೆಂದು ಈಗ ಉಳಿದಿರುವುದು ಅಷ್ಟೇ. ಆದರೆ ಅವು ಮಧುಗಿರಿಯ ನಮ್ಮ ವರಾಂಡದಲ್ಲಿ ಸುಮ್ಮನೆ ಬಿದ್ದಿದ್ದವು. ಅತ್ತೆ ಲಕ್ಷ್ಮಕ್ಕನ ತಮ್ಮ ಪಾಲಣ್ಣ ಮಾವ ಪಾವಗಡದ ಕಡೆಯ ನಿಡುಗಲ್‌ನಿಂದ ಬಂದಾಗಲೆಲ್ಲ ಅವನ್ನು ಎಮ್ಮೆ ವ್ಯಾಪಾರಕ್ಕೆ ಬಂದವರಂತೆ ಸವರುತ್ತಿದ್ದರು.

“ತೋಟದ ಮನೆಗೆ ಕಿಟಕಿ ಆಯ್ತದೆ ಅಕ್ಕಾ.”

“ತಗಂಡೋಗು, ಕಾಲಿಗೆ ಎಡವ್ತಾವೆ” ಎಂದರು ಅತ್ತೆ.

ಅದರಲ್ಲಿ ನಾನು ಬೀರು ಮಾಡುತ್ತೇನೆ ಎಂದು ಕೂಗಿಬಿಟ್ಟೆ. ಮಾವ ನಕ್ಕು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಹೇಳಿದರು. “ಸರೇ ತಲ್ಲೀ! ಭಾನುವಾರ ಟೆಂಪೋ ತತ್ತೀನಿ. ಬೀರು ಪೂರಾ ಮುಗಿದು ನಿಂತಿದ್ರೆ ನಿಂದು, ಇಲ್ದಿದ್ರೆ ನಂದು.”

ಆಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ತರಗತಿಯಲ್ಲಿ ಲಾಭನಷ್ಟ ಹೇಳುವಾಗಲೂ ಬೆರಳುಗಳು ಮೇಜಿನ ಅಂಚಿನ ದಪ್ಪ ನೋಡುತ್ತಿದ್ದವು. ಮನೆಗೆ ಬಂದರೆ ಗರಗಸ. ಅದು ‘ಕರಕರ’ ಎಂದರೆ ಒಳಗಿನಿಂದ ಅತ್ತೆ ಅದೇ ರಾಗದಲ್ಲಿ, “ಕಿವಿ ತೂತಾಯ್ತು ಕಣಮ್ಮಾ!” ಎನ್ನುವರು. ಯಾವುದು ಗರಗಸ, ಯಾವುದು ಅತ್ತೆ ಎಂದು ಬೀದಿಯವರಿಗೆ ಅನುಮಾನ ಬಂದಿರಬೇಕು.

ಹೇಗೋ ಬೀರು ಎದ್ದು ನಿಂತಿತು. ಉಳಿದದ್ದು ಡ್ರಾಯರು. ಅದರ ತುಂಡುಗಳನ್ನು ಉಜ್ಜಿ, ಮುಂದಿನ ಹಲಗೆಗೆ ಹಿಡಿಯ ತೂತು ಕೊರೆದು, ವರಾಂಡದಲ್ಲಿಟ್ಟು ಶನಿವಾರ ಶಾಲೆಗೆ ಹೋಗಿಬಂದೆ. ಒಂದೂ ಇರಲಿಲ್ಲ. ಬದಲಿಗೆ ಕೊಯ್ಯಲು ಗೇಣಗಲ ಮರವೂ ಉಳಿದಿರಲಿಲ್ಲ.

“ನೀವೇ ಹಂಡೆ ಒಲೆಗೆ ಹಾಕಿರ್ತೀರಾ!” ಎಂದು ನವೀನ್ ಮೇಲೆ ಹರಿಹಾಯ್ದೆ.

“ನಾನು ಒಲೆ ಹತ್ತಿಸಿದ್ದು ಯಾವಾಗ ನೋಡಿದ್ದೀಯ?”

ಅದು ನಿಜವಾಗಿತ್ತು, ಇನ್ನಷ್ಟು ಸಿಟ್ಟು ಬಂತು. ಮಂಚದ ಕೆಳಗೆ, ಸ್ಕೂಟರಿನ ಹಿಂದೆ, ಪಕ್ಕದ ಮನೆಯ ಸೌದೆ ರಾಶಿಯಲ್ಲೂ ಹುಡುಕಿದೆ. ಅತ್ತೆ ಮಾತ್ರ ಅಡುಗೆಮನೆಯಿಂದ ಆಚೆ ಬರಲಿಲ್ಲ.

ಭಾನುವಾರ ಬೆಳಗ್ಗೆಯೇ ಟೆಂಪೋ ಬಂತು. ಮಾವ ಹೆಗಲ ಮೇಲಿನ ಹಗ್ಗದ ಸಮೇತ ಒಳಗೆ ಬಂದು, ಬೀರುವಿನ ನಡುವಿನ ಖಾಲಿ ಬಾಯಿಗೆ ಕೈ ತೂರಿಸಿದರು.

“ಇದೇನು, ಹಲ್ಲು ಬಿದ್ದೋಗೈತೆ? ಮುಗಿದಿಲ್ಲ ಅನ್ನು. ಬಿಚ್ಚಲಾ ನವೀನಾ. ಅಕ್ಕಾ, ಮೊದ್ಲು ಒಂದು ಲೋಟ ನೀಳ್ಳು ಕೊಡು.”

ನಾನು ಬೀರುವಿಗೆ ಬೆನ್ನು ಕೊಟ್ಟು ನಿಂತೆ. ಅತ್ತೆ ನೀರು ತಂದುಕೊಟ್ಟರು. ಒಂದು ಗುಟುಕಿಗೇ ಮಾವನ ಮುಖ ಹಿಂಡಿದ ನಿಂಬೆಹಣ್ಣಾಯಿತು.

“ಥೂ! ಏಮಕ್ಕಾ ಇದಿ? ಸಕ್ರೆ ಇಲ್ಲದ ಟೀನಾ?”

ಲೋಟದ ನೀರು ಕೆಂಪಗಿತ್ತು. ನಾನು ಅಡುಗೆಮನೆಗೆ ಓಡಿ ಅತ್ತೆಯ ಹಿತ್ತಾಳೆ ಬಿಂದಿಗೆಗೆ ಕೈ ಹಾಕಿದೆ. ಒಂದು ಚಕ್ಕೆ, ಇನ್ನೊಂದು, ಕೊನೆಗೆ ಹಿಡಿಯ ತೂತಿದ್ದ ತುಂಡು. ಮಚ್ಚಿನಲ್ಲಿ ಸೀಳಿದ್ದ ನನ್ನ ಡ್ರಾಯರು!

ಅತ್ತೆ ಸೆರಗಿನ ತುದಿ ತಿರುಚಿದರು. “ಹೊನ್ನೆ ನೀರು ಕುಡಿದ್ರೆ ಶುಗರ್ ಇಳೀತದೆ ಅಂತಾರಲ್ಲ. ಚೂರು ಬಿಸಾಕ್ತಿದ್ದೀಯ ಅಂದ್ಕಂಡೆ ಕಣಮ್ಮ. ನೀನು ಹುಡುಕಾಡೋದು ನೋಡಿ ಹೇಳಾಕೆ ಭಯ ಆಗ್ಬುಡ್ತು.”

“ಮಾತ್ರೆ?”

“ಅದೂ ನುಂಗ್ತಿದೀನಿ, ಬುಡು.”

ಅಳುವುದೋ ನಗುವುದೋ ತಿಳಿಯಲಿಲ್ಲ. ಅಷ್ಟರಲ್ಲಿ ಮಾವ ಸ್ಕ್ರೂಡ್ರೈವರ್ ಕೇಳಿದರು. “ಮಾತು ಮಾತೇ. ಡ್ರಾಯರ್ ಇಲ್ಲ, ಬೀರೂ ಇಲ್ಲ.”

ಅತ್ತೆ ಬಿಂದಿಗೆ ಎತ್ತಿಕೊಂಡು, ಚೆಲ್ಲುವ ನೀರನ್ನೂ ಲೆಕ್ಕಿಸದೆ ತಂದು, ಆ ಖಾಲಿ ಬಾಯಿಗೆ ಓರೆ ಮಾಡಿ ತೂರಿಸಿದರು. ನೆಟ್ಟಗಾಗುವಾಗ ಕತ್ತು ಮೇಲಿನ ಹಲಗೆಗೆ ಉಜ್ಜಿತು, ಆದರೆ ಕೂತಿತು.

“ಡ್ರಾಯರ್ ಅಂತ ಯಾರಂದ್ರು? ಇದು ನನ್ನ ನೀರಿನ ಗೂಡು. ತುಂಬಿದ ಬಿಂದಿಗೆ ಇಟ್ಟಾಗೈತೆ. ಮುಟ್ಟು ನೋಡಾನ, ಪಾಲಾ!”

“ಅಲ್ಲಕ್ಕಾ, ನೀನೇ ತಗಂಡೋಗು ಅಂದಿದ್ದೆ.”

“ಆಗ ಅವು ಹಲಗೆ. ಈಗ ಬೀರು.”

ಮಾವ ಹಗ್ಗ ಸುತ್ತಿಕೊಂಡರು. ಗೊಣಗುತ್ತಾ ಹೊಸ್ತಿಲು ದಾಟಿದವರು ಮತ್ತೆ ಒಳಗೆ ಇಣುಕಿದರು. “ಆ ಚಕ್ಕೆಯಾಗೆ ಎರಡು ಕೊಡಕ್ಕಾ. ನಂಗೂ ಶುಗರ್ರು.”

“ಅದು ನನ್ನ ಸೊಸೆ ತವರಿಂದು. ಅವಳ್ನ ಕೇಳು.”

ಕೊಟ್ಟೆ, ಹಿಡಿಯ ತೂತಿದ್ದ ತುಂಡೊಂದನ್ನು ಬಿಟ್ಟು. ಟೆಂಪೋ ಖಾಲಿ ಬೆನ್ನು ಕುಣಿಸುತ್ತಾ ಪಾವಗಡದ ರಸ್ತೆ ಹಿಡಿಯಿತು. ನಾನು ಬೀರುವಿನ ಮುಂದೆ ಬಂದು ನಿಂತರೆ, ಬಿಂದಿಗೆಯ ಅಡಿಯಲ್ಲಿ ಆಗಲೇ ಒದ್ದೆಯ ಉಂಗುರ. ಹೀಗೇ ಬಿಟ್ಟರೆ ಹಲಗೆ ಉಬ್ಬುತ್ತದೆ. ಕೆಳಗೊಂದು ತಟ್ಟೆ ಬೇಕು. ತಟ್ಟೆ ಇಟ್ಟರೆ ಬಿಂದಿಗೆಯ ಕತ್ತು ತಾಗುತ್ತದೆ. ಹಾಗಾದರೆ ಮೇಲಿನ ಹಲಗೆ ಬಿಚ್ಚಿ ಒಂದು ಬೆರಳು ಎತ್ತಬೇಕು.

“ರೀ, ಟೇಪು ಎಲ್ಲಿಟ್ರಿ?”

ಒಳಗಿನಿಂದ ಅತ್ತೆಯ ‘ಕಿವಿ ತೂತಾಯ್ತು’ ಬಂತು, ಗರಗಸಕ್ಕೂ ಮೊದಲೇ.