ನೈಸ್ ಎಂಬ ಪದದ ಹಗೆ

ನಾನು ಒಂದು ಪದ. ನನ್ನ ಹೆಸರು ನೈಸ್. ನನ್ನನ್ನು ಇಂಗ್ಲಿಷಿನ ಕೂಸು ಎಂದು ನೀವು ತಿಳಿದಿದ್ದೀರಿ. ನಾನು ಹುಟ್ಟಿದ್ದು ಅದಕ್ಕೂ ಹಿಂದೆ, ರೋಮಿನವರ ಲ್ಯಾಟಿನ್ ಮಾತಿನಲ್ಲಿ. ‘ಇಲ್ಲ’ ಎನ್ನುವ ಒಂದು ಚೂರಿಗೆ ‘ತಿಳಿ’ ಎನ್ನುವ ಇನ್ನೊಂದು ಚೂರು ಸೇರಿಸಿ ನನ್ನನ್ನು ಮಾಡಿದರು. ಏನೂ ತಿಳಿಯದವನು ಎಂದು ನನ್ನ ಅರ್ಥ. ಬೇರೆ ಪದಗಳು ನೀರು, ಹೂವು, ತಾಯಿ ಎಂದು ಹುಟ್ಟಿದವು. ನಾನು ಬೈಗುಳವಾಗಿ ಹುಟ್ಟಿದೆ. ಅದನ್ನು ನಾನು ಮರೆತಿಲ್ಲ.

ಅಲ್ಲಿಂದ ಫ್ರಾನ್ಸಿನವರ ಬಾಯಿಗೆ ಬಿದ್ದೆ. ಅವರು ನನ್ನನ್ನು ಸವೆಸಿ ಚಿಕ್ಕದು ಮಾಡಿದರು, ಅರ್ಥ ಮಾತ್ರ ಪೆದ್ದ ಎಂದೇ ಉಳಿಸಿದರು. ಅವರ ಕಡೆಯ ದೊರೆಗಳು ಇಂಗ್ಲೆಂಡನ್ನು ಗೆದ್ದ ಮೇಲೆ ಅವರ ಸಾಮಾನುಗಳ ಜೊತೆ ನಾನೂ ಕಡಲು ದಾಟಿದೆ. ಅಲ್ಲಿಯೂ ಮೊದಲು ಪೆದ್ದನೇ. ಆಮೇಲೆ ಅತಿಯಾಗಿ ಸಿಂಗರಿಸಿಕೊಂಡವರನ್ನು ನನ್ನಿಂದ ಆಡಿಕೊಂಡರು. ತಲೆ ಎತ್ತದ ನಾಚಿಕೆಯವರನ್ನು ನನ್ನಿಂದ ಕರೆದರು. ಊಟದಲ್ಲಿ ಹುಳುಕು ಹುಡುಕುವವರಿಗೂ ನಾನೇ, ಕೂದಲೆಳೆಯಷ್ಟು ಸಣ್ಣ ವ್ಯತ್ಯಾಸಕ್ಕೂ ನಾನೇ. ಹೀಗೆ ನನ್ನ ಮೈಮೇಲಿನ ಅಂಗಿ ಬಿಚ್ಚಿದರು, ಬೇರೆ ತೊಡಿಸಿದರು. ಒಬ್ಬರೂ ನನ್ನನ್ನು ಕೇಳಲಿಲ್ಲ. ಕೊನೆಗೆ ‘ಒಳ್ಳೆಯದು’ ಎಂಬ ಅಂಗಿ ತೊಡಿಸಿ, ಇನ್ನು ನೀನು ಸುಖವಾಗಿರು ಎಂಬಂತೆ ಬೀದಿಗೆ ಬಿಟ್ಟರು. ಚಹಾ ನೈಸ್, ಬಿಸಿಲು ನೈಸ್, ಅತ್ತೆ ನೈಸ್. ಎಲ್ಲದಕ್ಕೂ ಸಲ್ಲುವವನನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ನನ್ನನ್ನು ಬಳಸಿದವರಲ್ಲಿ ಒಬ್ಬನ ಮೇಲಾದರೂ ಸೇಡು ತೀರಿಸಿಕೊಳ್ಳಬೇಕು ಎಂದು ಅಂದೇ ಅಂದುಕೊಂಡೆ.

ಬಿಳಿಯರ ಹಡಗಿನಲ್ಲಿ ನಿಮ್ಮ ನಾಡಿಗೆ ಬಂದೆ. ಇಲ್ಲಿ ನನಗೆ ಮೊದಲ ಸಲ ಮೈಬಗ್ಗಿಸುವ ಕೆಲಸ ಸಿಕ್ಕಿತು. ಬಡಗಿ ಹಲಗೆಯನ್ನು ನೈಸ್ ಮಾಡಿದ. ಹಿಟ್ಟಿನ ಮಿಲ್ಲಿನಲ್ಲಿ ಹೆಂಗಸರು ‘ನೈಸಾಗಿ ಬೀಸು’ ಎಂದರು. ಅಲ್ಲಿ ನನಗೆ ಒಂದೇ ಅರ್ಥ. ಬೆರಳ ತುದಿಯಲ್ಲಿ ತಿಕ್ಕಿ ನೋಡಿದರೆ ಗೊತ್ತಾಗುವಂಥದ್ದು. ಆದರೆ ನೀವೂ ನನಗೊಂದು ಅರ್ಥ ಕೊಟ್ಟಿರಿ, ಇಂಗ್ಲಿಷಿನವರೂ ಕೊಡದೆ ಇದ್ದದ್ದು. ಬಾಯಿಗೆ ಬೆಣ್ಣೆ ಹಚ್ಚಿಕೊಂಡು ಇನ್ನೊಬ್ಬರ ತಲೆ ಸವರುವುದಕ್ಕೆ ‘ನೈಸ್ ಮಾಡುವುದು’ ಎಂದಿರಿ. ಆ ಅರ್ಥದಲ್ಲಿ ನನ್ನನ್ನು ಹೊತ್ತು ತಿರುಗುತ್ತಿದ್ದವನು ಹೊಸದುರ್ಗದ ಓಂಕಾರಪ್ಪ.

ಅದೇ ಊರಿನ ಸಂತೆಬೀದಿಯಲ್ಲಿ ಶಾಂತವೀರಮ್ಮನ ಹಿಟ್ಟಿನ ಮಿಲ್ಲು ಇದೆ. ಗಂಡ ಹೋದ ಮೇಲೆ ಮಗಳು ಚೆನ್ನಾಜಿ ಶಾಲೆ ಬಿಟ್ಟು ಬಂದು ಮಿಷನ್ನಿನ ಮುಂದೆ ನಿಂತಳು. ಅವಳದು ಮಾತು ಕಡಿಮೆ. ಡಬ್ಬ ಇಳಿಸಿದವರ ಮುಖ ನೋಡದೆ ಅವರ ಕೈ ನೋಡುತ್ತಾಳೆ. ಮೈಮೇಲೆಲ್ಲ ಹಿಟ್ಟು ಕೂತು ಗೋಡೆಯ ಬಣ್ಣವೇ ಆಗಿರುತ್ತಾಳೆ. ಓಂಕಾರಪ್ಪ ದೂರದ ನಂಟ, ಅವಳು ಅವನನ್ನು ಮಾವ ಎನ್ನುತ್ತಾಳೆ. ಅವಳಿಗೆ ಹೊಳಲ್ಕೆರೆಯ ಗಂಡೊಂದನ್ನು ತರುತ್ತೇನೆ ಎಂದು ಅವನೇ ಹೇಳಿದ. ‘ಹುಡುಗನ ತಾಯಿ ಗಂಗಾಂಬಿಕಮ್ಮ ಬಲು ನೈಸ್ ಮನುಷ್ಯಳು ಕಣಕ್ಕ. ಸೋಮವಾರ ಬತ್ತಾರೆ’ ಎಂದ.

ಸೋಮವಾರ ಮಿಲ್ಲಿಗೆ ಬೀಗ ಬಿತ್ತು. ಚೆನ್ನಾಜಿ ತಲೆಗೆ ಎರಡು ಸಲ ನೀರು ಹಾಕಿಕೊಂಡು ಹಿಟ್ಟು ತೊಳೆದಳು. ಶಾಂತವೀರಮ್ಮ ಉಪ್ಪಿಟ್ಟು ಮಾಡಿ ಮುಚ್ಚಿಟ್ಟಳು. ಯಾರೂ ಬರಲಿಲ್ಲ.

ಯಾಕೆ ಬರಲಿಲ್ಲವೆಂದು ನನಗೆ ಗೊತ್ತಿತ್ತು. ಹಿಂದಿನ ದಿನ ಹೊಳಲ್ಕೆರೆಯಲ್ಲಿ ಗಂಗಾಂಬಿಕಮ್ಮನ ಎದುರು ನಾನು ಓಂಕಾರಪ್ಪನ ನಾಲಿಗೆಯ ಮೇಲೇ ಕೂತಿದ್ದೆ. ‘ಹುಡುಗಿ ನೈಸೇ ಕಣವ್ವ, ಅದರಲ್ಲಿ ಎರಡು ಮಾತಿಲ್ಲ. ತಲೇಲಿ ಮಾತ್ರ ಏನೂ ಇಲ್ಲ. ಏನೂ ಗೊತ್ತಾಗಕಿಲ್ಲ. ಮಾತಾಡ್ಸಿದ್ರೆ ಕಂಬ ಮಾತಾಡ್ಸಿದಂಗೆ’ ಎಂದ. ಹಾಗೆಂದು ನಶ್ಯದ ಡಬ್ಬಿ ತೆರೆದು ಎರಡೂ ಮೂಗಿಗೆ ಏರಿಸಿಕೊಂಡ. ಆಮೇಲೆ ಅದೇ ಗಂಡಿಗೆ ತನ್ನ ಮಗಳು ಉಮಾದೇವಿಯ ಮಾತು ತೆಗೆದ. ನನ್ನ ಹುಟ್ಟಿನ ಅವಮಾನವನ್ನು, ನನ್ನನ್ನೇ ಮುಂದಿಟ್ಟುಕೊಂಡು, ಆ ಹುಡುಗಿಯ ಹಣೆಗೆ ಅಂಟಿಸಿದ. ಇವನೇ ಎಂದುಕೊಂಡೆ. ನನಗೆ ಬೇಕಾದವನು ಇವನೇ.

ಮಾತು ಹೊಸದುರ್ಗಕ್ಕೂ ಬಂತು. ಮಿಲ್ಲಿಗೆ ಬಂದವರು ಚೆನ್ನಾಜಿಯೊಡನೆ ಕಿವುಡರೊಡನೆ ಆಡುವಂತೆ ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಮಾತಾಡತೊಡಗಿದರು. ‘ಇದು ರಾಗಿ, ಇದು ಗೋಧಿ. ಗೊತ್ತಾಯ್ತೇನವ್ವ?’ ನೋಡಲು ಬರುತ್ತೇವೆ ಎಂದಿದ್ದ ಇನ್ನೊಂದು ಮನೆಯವರೂ ಸುಮ್ಮನಾದರು. ಓಂಕಾರಪ್ಪ ಏನೆಂದನೆಂಬುದನ್ನು, ರಾಗಿ ಬೀಸಿಸಲು ಬರುವ ದುಗ್ಗಮ್ಮಜ್ಜಿ ಒಂದು ದಿನ ಅವಳಿಗೆ ಹೇಳಿದಳು. ಚೆನ್ನಾಜಿ ಬೆಲ್ಟಿನ ಕಡೆ ನೋಡುತ್ತ ಕೇಳಿಸಿಕೊಂಡಳು. ಮುಂದಿನ ಡಬ್ಬ ಎತ್ತಿ ಸುರಿದಳು. ಕಂಬವೇ ಸರಿ ಎಂದು ಪಕ್ಕದವಳು ಕಣ್ಣು ಮಿಟುಕಿಸಿದಳು.

ಮಿಲ್ಲಿನಲ್ಲಿ ಖಾರಕ್ಕೆ ಬೇರೆ ಮಿಷನ್ನು. ಅದು ಕೆಟ್ಟ ದಿನ ಮಾತ್ರ ಹಿಟ್ಟಿನ ಮಿಷನ್ನಿಗೇ ಮೆಣಸಿನಕಾಯಿ ಹಾಕುತ್ತಾರೆ. ಅದಕ್ಕೊಂದು ಕಟ್ಟುಪಾಡಿದೆ. ಖಾರ ಮುಗಿದ ಮೇಲೆ ಒಂದು ಸೇರು ನುಚ್ಚು ಹಾಕಿ ಕಲ್ಲು ತೊಳೆಯಬೇಕು. ಅದಕ್ಕೆ ಮುಂಚೆ ಯಾರಾದರೂ ಡಬ್ಬ ತಂದರೆ ‘ಖಾರ ಆಗೈತೆ’ ಎಂದು ಕೂಗಿ ಹೇಳಬೇಕು.

ಅಂಥದೊಂದು ದಿನ ಓಂಕಾರಪ್ಪ ಬಂದ. ಹೆಗಲ ಮೇಲೆ ಕಡಲೆಬೇಳೆಯ ಡಬ್ಬ. ಸಾಲಿನಲ್ಲಿದ್ದವರೆಲ್ಲ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದರು. ನಶ್ಯದ ಮೂಗಿಗೆ ಏನು ಘಾಟು?

‘ಅಜ್ಜಿ, ಒಸಿ ಜರುಗು. ಮನೇಲಿ ಶುಭಕಾರ್ಯ. ನಾಳೆ ಉಮಂಗೆ ಹೂ ಮುಡ್ಸಕ್ಕೆ ಬತ್ತಾರೆ. ಲಾಡು ಕಟ್ಬೇಕು.’

‘ನುಚ್ಚು ಹಾಕ್ಬೇಕಿತ್ತು ಮಾವ’ ಎಂದಳು ಚೆನ್ನಾಜಿ, ಮೆಲ್ಲಗೆ.

‘ನಿನ್ನ ನುಚ್ಚು ಓಡಿಹೋಗ್ತದಾ? ನಿಂಗೆ ಏನೂ ಗೊತ್ತಾಗಲ್ಲ ಕಣ್ ಮಗ. ಶುಭಕಾರ್ಯ ಮೊದ್ಲು. ನೈಸಾಗಿ ಹಾಕು, ನೈಸಾಗಿ.’

ಅವಳು ಮುಂದೆ ಹೇಳಬೇಕಾದ ಮಾತು ಎರಡೇ ಪದದ್ದು. ಅವು ಅವಳ ಗಂಟಲಿನವರೆಗೆ ಬಂದದ್ದನ್ನು ನಾನು ಕಂಡೆ. ಅವಳು ದುಗ್ಗಮ್ಮಜ್ಜಿಯ ಕಡೆ ನೋಡಿದಳು. ದುಗ್ಗಮ್ಮಜ್ಜಿ ತನ್ನ ರಾಗಿ ಡಬ್ಬವನ್ನು ಕಾಲಿನಿಂದ ಹಿಂದಕ್ಕೆ ಎಳೆದುಕೊಂಡು, ‘ಹೋಗಪ್ಪ, ನೀನೇ ಮೊದ್ಲು ಹೋಗು’ ಎಂದಳು. ಹಿಂದಿದ್ದವರೂ ತಮ್ಮ ತಮ್ಮ ಡಬ್ಬ ಹಿಂದಕ್ಕೆ ಎಳೆದುಕೊಂಡರು. ಚೆನ್ನಾಜಿ ಬೇಳೆ ಸುರಿದಳು, ಚಕ್ರ ಬಿಗಿದಳು. ಹಿಟ್ಟು ನನ್ನ ಹೆಸರಿಗೆ ತಕ್ಕಂತೆ ಬಿತ್ತು. ಅರಿಶಿನಕ್ಕೆ ಕುಂಕುಮ ಸೋಕಿದ ಬಣ್ಣ. ಓಂಕಾರಪ್ಪ ಬೆರಳಲ್ಲಿ ತಿಕ್ಕಿ ನೋಡಿ, ‘ಏನ್ ಬಣ್ಣ ಬಂದೈತೆ, ಬೇಳೆ ಅಂದ್ರೆ ಇದು’ ಎಂದು ಹೊತ್ತುಕೊಂಡು ಹೋದ.

ಬೀಗರಿಗಿಂತ ಮುಂಚೆ ಬಾಯಿಗೆ ಹಾಕಬಾರದೆಂದು ಮನೆಯಲ್ಲಿ ಒಬ್ಬರೂ ರುಚಿ ನೋಡಿರಲಿಲ್ಲವಂತೆ. ಮಾರನೆಯ ದಿನ ಬೀಗರ ಕಡೆಯ ಹಿರಿಯರೊಬ್ಬರು ಮೊದಲ ಲಾಡು ಇಡೀ ಬಾಯಿಗೆ ಹಾಕಿಕೊಂಡರಂತೆ. ಕೆಮ್ಮು ಬಂದು ಲಾಡಿನ ಜೊತೆ ಅವರ ಕಟ್ಟುಹಲ್ಲೂ ತಟ್ಟೆಗೆ ಬಿತ್ತಂತೆ. ಯಾರೋ ನೀರೆಂದು ಕೊಟ್ಟದ್ದು ಬಿಸಿ ಹಾಲಂತೆ. ಗಂಗಾಂಬಿಕಮ್ಮ ಹೂ ಮುಡಿಸದೆ ಎದ್ದಳಂತೆ. ಇವು ಅಲ್ಲಿ ಬಡಿಸಿದವರ ಮಾತು. ಎಲ್ಲವನ್ನೂ ನಾನು ನಂಬಬಯಸುತ್ತೇನೆ.

ಓಂಕಾರಪ್ಪ ಮಿಲ್ಲಿಗೆ ನುಗ್ಗಿದ. ‘ಖಾರ ಆಗಿತ್ತು ಅಂತ ಬಾಯಿ ಬಿಟ್ಟು ಹೇಳಕ್ಕೆ ನಿಂಗೇನಾಗಿತ್ತೇ?’

ಚೆನ್ನಾಜಿ ಮಿಷನ್ನು ನಿಲ್ಲಿಸಿದಳು. ಅಷ್ಟು ಜನರ ಮುಂದೆ ಅವಳು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

‘ನಂಗೇನೂ ಗೊತ್ತಾಗಲ್ಲ ಅಂತ ನೀವೇ ಹೊಳಲ್ಕೆರೇಲಿ ಹೇಳಿ ಬಂದಿದ್ರಲ್ಲ ಮಾವ. ನಿಮ್ಮ ಮಾತು ಸುಳ್ಳು ಮಾಡಬಾರ್ದು ಅಂತ ಸುಮ್ನಿದ್ದೆ.’

ದುಗ್ಗಮ್ಮಜ್ಜಿ ಮೊದಲು ನಕ್ಕಳು. ಆಮೇಲೆ ಸಾಲೇ ನಕ್ಕಿತು. ನೈಸ್ ಮಾಡಲು ಅವನು ನನ್ನನ್ನು ಹುಡುಕಿದ. ನಾನು ಅವನ ಬಾಯಿಗೆ ಬರಲಿಲ್ಲ. ಉಮಾದೇವಿ ಆ ದಿನ ಸೆರಗು ಕಚ್ಚಿಕೊಂಡು ಅತ್ತಳಂತೆ. ಅವಳು ಏನೂ ಮಾಡಿದವಳಲ್ಲ. ಹಗೆ ಅದನ್ನೆಲ್ಲ ನೋಡಿ ಬೀಳುವುದಿಲ್ಲ, ನನ್ನ ಹಗೆಯೂ ನೋಡಲಿಲ್ಲ.

ವಾರ ಕಳೆದು ಗಂಗಾಂಬಿಕಮ್ಮ ತಾನೇ ಮಿಲ್ಲಿಗೆ ಬಂದಳು. ಡಬ್ಬ ತಂದಿರಲಿಲ್ಲ. ಒಂದು ಗಳಿಗೆ ನಿಂತು ಹುಡುಗಿ ಕೆಲಸ ಮಾಡುವುದನ್ನು ನೋಡಿದಳು.

‘ನಮಗೆ ಏನೇನೋ ಹೇಳಿದ್ರು ಕಣವ್ವ. ನೀನು ಅವರಿಗೆ ಕೊಟ್ಟ ಉತ್ರ ನಮ್ಮೂರಿಗೂ ಬಂತು, ಈಗ ಗೊತ್ತಾಯ್ತು ಬಿಡು. ಆ ಕಡೆ ಮಾತು ನಿಲ್ಸಿದೀವಿ. ನಿಮ್ಮವ್ವನ್ನ ಕರಿ, ಮಾತಾಡಾನ. ನೀನು ನೈಸ್ ಹುಡುಗಿ.’

ಒಳಗಿನಿಂದ ಶಾಂತವೀರಮ್ಮ ಕೈ ಒರೆಸಿಕೊಳ್ಳುತ್ತ ಓಡಿಬಂದಳು. ಅವಳ ಮುಖ ಅರಳಿತ್ತು. ಚೆನ್ನಾಜಿ ಒಂದು ಕೈಯಿಂದ ತಾಯಿಯನ್ನು ತಡೆದಳು.

‘ನಾವು ಉಪ್ಪಿಟ್ಟು ಮಾಡ್ಕೊಂಡು ಕಾಯ್ತಿದ್ವಿ. ಅವತ್ತು ಬಂದು ನೋಡಿದ್ರೂ ಗೊತ್ತಾಗಿರೋದು. ನೀವು ಮಾವನ ಮಾತೇ ಸಾಕು ಅಂದ್ರಿ. ಅವರ ಮನೆಗೇ ಹೋಗಿ. ನಿಮಗೂ ಅವರಿಗೂ ಸರಿಹೋಯ್ತದೆ’ ಎಂದಳು. ಆಮೇಲೆ ತಲೆ ಎತ್ತಿ, ಆ ಹೆಂಗಸಿನ ಮುಖವನ್ನೇ ನೋಡುತ್ತ ಹೇಳಿದಳು, ‘ನಾನು ನೈಸ್ ಅಲ್ಲ.’

ನನಗೆ ವಯಸ್ಸಾಗಿದೆ. ಮದುವೆಯ ಫೋಟೋದ ಕೆಳಗೆ, ತಣ್ಣಗಾದ ಕಾಫಿಯ ಪಕ್ಕ, ಜನ ನನ್ನನ್ನು ಎಸೆದು ಮುಂದಕ್ಕೆ ಹೋಗುತ್ತಾರೆ. ನಾನು ಎಷ್ಟೋ ನಾಡುಗಳ ಬಾಯಿಯಲ್ಲಿ ಬಿದ್ದು ಬಂದವನು. ಎಲ್ಲರೂ ನನ್ನನ್ನು ಇನ್ನೊಬ್ಬರಿಗೆ ಅಂಟಿಸಿದವರೇ. ಬೇಡವೆಂದು ನನ್ನನ್ನು ಕಿತ್ತು, ಕೊಟ್ಟವರ ಕೈಗೇ ಹಿಂದಕ್ಕೆ ಕೊಟ್ಟವಳು ಅವಳೊಬ್ಬಳು. ಗಂಗಾಂಬಿಕಮ್ಮ ನನ್ನನ್ನು ತೆಗೆದುಕೊಂಡು ಬಿಸಿಲಿನಲ್ಲಿ ಬಸ್‌ಸ್ಟ್ಯಾಂಡಿನವರೆಗೆ ನಡೆದು ಹೋದಳು. ದಾರಿಯುದ್ದಕ್ಕೂ ನಾನು ಅವಳ ಬಾಯಲ್ಲಿ ಕಹಿಯಾಗಿದ್ದೆ.