ಎರಡು ಚೌಕದ ಅಂಕ

ಮಾರ್ಚ್ ಹನ್ನೊಂದು, ಅರ್ಜಿಗಳು ಇನ್ನೂರ ಹದಿನಾಲ್ಕು, ಸೀಟುಗಳು ಏಳು — ಕಿಟಕಿಯ ಬಿಸಿಲು ಮೇಜಿನ ಮೇಲಿನ ಕೊನೆಯ ಹಾಳೆಯ ಅಂಚಿಗೆ ಬಂದು ನಿಂತಿದೆ, ಇನ್ನು ಇಪ್ಪತ್ತು ನಿಮಿಷಕ್ಕೆ ಅದು ಗೋಡೆ ಏರುತ್ತದೆ, ಏರಿದರೆ ಆ ಭಾವಚಿತ್ರದ ಮೇಲೆ ಬೀಳುತ್ತದೆ, ಅಷ್ಟರೊಳಗೆ ಸಹಿ ಹಾಕಿ ಎದ್ದುಬಿಡಬೇಕು, ಅದನ್ನು ನೋಡಬಾರದೆಂದೇ ಪ್ರತಿವರ್ಷ ಆ ಗೋಡೆಗೆ ಬೆನ್ನು ಮಾಡಿ ಕುಳಿತುಕೊಳ್ಳುತ್ತೇನೆ, ಈ ವರ್ಷ ಯಾರೋ ಕುರ್ಚಿಯನ್ನು ತಿರುಗಿಸಿ ಇಟ್ಟಿದ್ದಾರೆ. ಹಿಮ, ಹಿಮದ ನಡುವೆ ಹಲ್ಲು ಬಿಟ್ಟು ನಿಂತ ಇಪ್ಪತ್ತಮೂರರ ಯುವಕ, ಮೈಮೇಲೆ ಕಂದು ಸ್ವೆಟರ್, ಐದು ಗುಂಡಿಗಳಲ್ಲಿ ಮೂರನೆಯದು ಮಾತ್ರ ಕಪ್ಪು. ನಕ್ಕವನು ಅವನು, ಸ್ವೆಟರ್ ನನ್ನದು. ಈ ವಿದೇಶ ವ್ಯಾಸಂಗ ಕಚೇರಿಗೆ ಈಗ ಅವನೇ ಗೌರವ ನಿರ್ದೇಶಕ, ನನ್ನ ಸಹಪಾಠಿ, ಎರಡು ವರ್ಷ ಹೊರದೇಶದಲ್ಲಿ ಓದಿ ಬಂದು ಉಳಿದ ನಲವತ್ತನಾಲ್ಕು ವರ್ಷ ಅದನ್ನೇ ಉಂಡವನು — ಅಲ್ಲಿ ಲೈಬ್ರರಿಗೆ ಬೀಗಾನೇ ಇಲ್ಲ ಕಣೋ, ಅಲ್ಲಿ ಮೇಷ್ಟ್ರನ್ನ ಹೆಸರು ಹಿಡಿದೇ ಕೂಗ್ತಾರೆ, ಅಲ್ಲಿ ಬಸ್ಸು ಎಂಟೂ ನಲವತ್ತೇಳಕ್ಕೆ ಅಂದ್ರೆ ಎಂಟೂ ನಲವತ್ತೇಳಕ್ಕೇ — ಯಾವ ಮಾತೂ ಅಲ್ಲಿಂದಲೇ ಶುರುವಾಗುವುದರಿಂದ ಇಡೀ ವಿಶ್ವವಿದ್ಯಾಲಯಕ್ಕೆ ಅವನು ಅಲ್ಲಿಯವರು, ಕಾರು ತೊಳೆಯುವವನೂ ಅಲ್ಲಿಯವರು ಬಂದ್ರು ಎಂದೇ ಹೇಳುತ್ತಾನೆ. ನನಗೆ ಇಟ್ಟ ಹೆಸರು ದಶಮಾಂಶ. ಅವನದು ಒಂದು ದೇಶದ ಅಳತೆ, ನನ್ನದು ಒಂದು ಚುಕ್ಕೆಯ ಅಳತೆ. ನನ್ನ ಹೆಂಡತಿ ಈಚೆಗೆ ಬಟ್ಟೆ ಮಡಿಸುತ್ತ, ಮುಖವೆತ್ತದೆ ಹೇಳಿದ್ದಳು, ಅವರು ಹೋಗಿ ಬಂದಿದ್ದು ಎರಡು ವರ್ಷ, ನೀವು ಹೋಗದೆ ಇರೋದು ನಲವತ್ತಾರು ವರ್ಷ, ಯಾವುದು ದೊಡ್ಡ ಪ್ರಯಾಣ ಹೇಳಿ. ವ್ಯವಕಲನ ಸರಿಯಾಗಿತ್ತು.

ಕೆಲಸ ಕೆಲಸವೇ, ನಿವೃತ್ತನಾದ ಮೇಲೂ ಪ್ರತಿವರ್ಷ ಈ ಆಯ್ಕೆಪಟ್ಟಿಯ ಅಂಕ ಪರಿಶೀಲಿಸಿ ಸಹಿ ಹಾಕುವವನು ನಾನೇ. ಒಂದರಿಂದ ಆರರವರೆಗೆ ತಕರಾರಿಲ್ಲ, ಅಂಕಪಟ್ಟಿಯೊಡನೆ ಒಂದೊಂದನ್ನೂ ಕೈಯಿಂದ ಭಾಗಿಸಿ ನೋಡಿದ್ದೇನೆ, ಯಂತ್ರ ಹೇಳಿದ್ದೂ ಪೆನ್ಸಿಲ್ ಹೇಳಿದ್ದೂ ಒಂದೇ. ಏಳನೆಯ ಸಾಲಿಗೆ ಬಂದು ಪೆನ್ಸಿಲ್ ನಿಂತು ಅರ್ಧ ಗಂಟೆಯಾಯಿತು. ಏಳನೆಯವಳು ಅವನ ಮಗಳ ಮಗಳು. ಒಂದು ಸಾವಿರದ ಐನೂರಕ್ಕೆ ಒಂದು ಸಾವಿರದ ನೂರ ಎಪ್ಪತ್ತೇಳು, ಶೇಕಡಾ ಎಪ್ಪತ್ತೆಂಟು ದಶಮಾಂಶ ನಾಲ್ಕು ಏಳು — ಅರ್ಧಕ್ಕಿಂತ ಕಡಿಮೆ, ಆದ್ದರಿಂದ ಎಪ್ಪತ್ತೆಂಟು, ಆದರೆ ಹಾಳೆಯಲ್ಲಿ ಇರುವುದು ಎಪ್ಪತ್ತೊಂಬತ್ತು. ಎಂಟನೆಯವಳು ಯಾರೋ, ನೋಂದಣಿ ಸಂಖ್ಯೆಯ ಹೊರತು ನನಗೆ ಏನೂ ಗೊತ್ತಿಲ್ಲದವಳು, ಒಂದು ಸಾವಿರದ ನೂರ ಎಂಬತ್ತು, ನಿಜವಾದ ಎಪ್ಪತ್ತೊಂಬತ್ತು. ಮೂರು ಅಂಕ ಹೆಚ್ಚು ಪಡೆದವಳು ಕೆಳಗೆ, ಕಡಿಮೆ ಪಡೆದವಳು ಮೇಲೆ, ಏಕೆಂದರೆ ಹೊರದೇಶದವರ ಅರ್ಜಿಯಲ್ಲಿ ಅಂಕ ಬರೆಯಲು ಎರಡೇ ಚೌಕ, ಎರಡು ಚೌಕದಲ್ಲಿ ಸಮವಾದರೆ ವಯಸ್ಸಿನಲ್ಲಿ ಹಿರಿಯರಿಗೆ ಸೀಟು, ಅಂದಿನಿಂದ ಇಂದಿನವರೆಗೆ ಅದೇ ನಿಯಮ, ಮತ್ತು ಅವನ ಮೊಮ್ಮಗಳು ನಾಲ್ಕು ತಿಂಗಳು ಹಿರಿಯಳು. ಹೇಗೆ ಬಂತು ಎಪ್ಪತ್ತೊಂಬತ್ತು? ನನಗೆ ಹುಡುಕಬೇಕಾಗಿರಲಿಲ್ಲ. ಮೊದಲ ಕಾಲಮ್ಮಿನಲ್ಲಿ ಚುಕ್ಕೆಯ ಆಚೆ ಒಂದು ಸ್ಥಾನಕ್ಕೆ ಸರಿಮಾಡಿ ಎಪ್ಪತ್ತೆಂಟೂವರೆ ಎಂದಿದ್ದಾರೆ, ಮುಂದಿನ ಕಾಲಮ್ಮಿನಲ್ಲಿ ಆ ಎಪ್ಪತ್ತೆಂಟೂವರೆಯನ್ನು ಮತ್ತೆ ಪೂರ್ಣಾಂಕಕ್ಕೆ ಏರಿಸಿದ್ದಾರೆ, ಒಂದೇ ಸಂಖ್ಯೆಯನ್ನು ಎರಡು ಸಲ ಮೇಲಕ್ಕೆತ್ತಿದ್ದಾರೆ, ಒಂದೇ ಸಲ ಎತ್ತಬೇಕಾದದ್ದನ್ನು. ಸಾವಿರದಲ್ಲಿ ಒಬ್ಬನೂ ಈ ತಪ್ಪನ್ನು ಕಾಣುವುದಿಲ್ಲ. ನಾನು ಕಂಡೆ, ಕಳ್ಳನಿಗೆ ತಾನು ಹೊಕ್ಕ ಮನೆಯ ಹಿತ್ತಿಲ ಬಾಗಿಲು ಕಾಣುವ ಹಾಗೆ, ಏಕೆಂದರೆ ಈ ತಪ್ಪನ್ನು ನಾನೂ ಮಾಡಿದ್ದೇನೆ, ಒಂದೇ ಬಾರಿ, ನಲವತ್ತಾರು ವರ್ಷಗಳ ಹಿಂದೆ, ಇದೇ ಕಟ್ಟಡದ ಕೆಳಮಹಡಿಯಲ್ಲಿ. ಅಂದು ಸೀಟು ಒಂದೇ. ಪಟ್ಟಿ ಬರೆಯಬೇಕಾದ ಗುಮಾಸ್ತರು ಜ್ವರದಿಂದ ಮಲಗಿದ್ದರು, ವಿಭಾಗದ ಮುಖ್ಯಸ್ಥರು ನನ್ನನ್ನು ಕರೆಸಿ, ನಿನ್ನ ಅರ್ಜಿಯೂ ಇದೆ, ಗೊತ್ತಪ್ಪ, ಆದರೆ ಲೆಕ್ಕದಲ್ಲಿ ನಿನ್ನನ್ನ ನಂಬದೆ ಇನ್ಯಾರನ್ನ ನಂಬಲಿ, ಎಂದು ರಿಜಿಸ್ಟರನ್ನು ನನ್ನ ಕಡೆ ನೂಕಿದರು, ಎದೆ ಉಬ್ಬಿತು, ಆ ಉಬ್ಬಿದ ಎದೆಯಲ್ಲಿಯೇ ಕುಳಿತು ಬರೆದೆ. ರಿಜಿಸ್ಟರಿನ ಕಾಲಮ್ಮಿನಲ್ಲಿ ಚುಕ್ಕೆಯ ಆಚೆ ಒಂದೇ ಅಂಕಿಗೆ ಜಾಗ. ಹದಿಮೂರು ನೂರಕ್ಕೆ ನನ್ನದು ಒಂದು ಸಾವಿರದ ನೂರ ಎರಡು, ಅವನದು ಒಂದು ಸಾವಿರದ ತೊಂಬತ್ತೆಂಟು. ಅವನ ಎಂಬತ್ತನಾಲ್ಕು ದಶಮಾಂಶ ನಾಲ್ಕು ಆರನ್ನು ಎಂಬತ್ತನಾಲ್ಕೂವರೆ ಮಾಡಿ ಆ ಕಾಲಮ್ಮಿಗೆ ಕೂರಿಸಿದೆ, ಮರುದಿನ ರಿಜಿಸ್ಟರನ್ನೇ ನೋಡಿಕೊಂಡು ಚೌಕಗಳಿಗೆ ಎಂಬತ್ತೈದು ಇಳಿಸಿದೆ, ನನ್ನದೂ ಎಂಬತ್ತೈದು, ಅವನು ನನಗಿಂತ ಹನ್ನೊಂದು ದಿನ ದೊಡ್ಡವನು. ನಾಲ್ಕು ಅಂಕ ಮುಂದಿದ್ದವನು ನನ್ನ ಕೈಯಿಂದಲೇ ನನ್ನನ್ನು ಹಿಂದಕ್ಕೆ ತಳ್ಳಿಕೊಂಡೆ. ಅವನು ವಿಮಾನ ಹತ್ತಿದ ಎಂಟನೆಯ ದಿನ, ಯಾರಿಗೋ ಪಾಠ ಹೇಳುತ್ತಿದ್ದಾಗ ಎರಡು ಸಲ ಎತ್ತಿದ ಆ ತಪ್ಪು ತಟ್ಟನೆ ಹೊಳೆದು ಕರಿಹಲಗೆಯ ಮುಂದೆ ಸೀಮೆಸುಣ್ಣ ಕೈಯಲ್ಲೇ ನಿಂತಿತು, ಸಾರ್ ಸಾರ್ ಎಂದು ಹಿಂದಿನ ಬೆಂಚಿನಿಂದ ಕೂಗುತ್ತಿದ್ದರು.

ಹೇಳಬಹುದಾಗಿತ್ತು. ಯಾರಿಗೆ? ಹೇಳಿದ್ದರೆ ಸೋತವನು ಈಗ ಕ್ಯಾತೆ ತೆಗೆದ ಎನ್ನುತ್ತಿದ್ದರು, ಇಲ್ಲವೇ ಲೆಕ್ಕ ತಪ್ಪಿದವನು ಎನ್ನುತ್ತಿದ್ದರು. ದೇಶ ತಪ್ಪಿದರೂ ಸರಿ, ಲೆಕ್ಕ ತಪ್ಪಿದವನು ಎನಿಸಿಕೊಳ್ಳಲಾರೆ. ಆದ್ದರಿಂದ ಸುಮ್ಮನಿದ್ದೆ, ಸುಮ್ಮನಿದ್ದು ಸುಟ್ಟುಕೊಂಡೆ, ಅವನ ಪಿಕ್ಚರ್ ಪೋಸ್ಟ್‌ಕಾರ್ಡುಗಳು ತಿಂಗಳಿಗೊಂದರಂತೆ ಬಂದವು, ಇಪ್ಪತ್ತನಾಲ್ಕು, ಸೇತುವೆ, ಗಡಿಯಾರದ ಗೋಪುರ, ಎಲೆ ಉದುರಿದ ಮರ, ಪ್ರತಿಯೊಂದನ್ನೂ ಓದಿ ಕಪಾಟಿನೊಳಗೆ ಮುಖ ಕೆಳಗೆ ಮಾಡಿ ಇಟ್ಟೆ. ಅಮ್ಮ ಆ ಸ್ವೆಟರನ್ನು ಪಟ್ಟಿ ಬರುವ ಮೂರು ತಿಂಗಳ ಮೊದಲೇ ಹೆಣೆದಿದ್ದಳು, ಹೋಗೋನು ನೀನೇ, ನಿನ್ನ ಬಿಟ್ಟು ಇನ್ಯಾರಿದ್ದಾರೆ, ನಾಲ್ಕು ಕಂದು ಗುಂಡಿ ಡಬ್ಬಿಯಲ್ಲಿ ಸಿಕ್ಕವು, ಐದನೆಯದು ಸಿಗದೆ ಅಪ್ಪನ ಹಳೆಯ ಕೋಟಿನಿಂದ ಕಪ್ಪನ್ನು ಕತ್ತರಿಸಿ ನಡುವೆ ಹೊಲಿದಳು. ಪಟ್ಟಿ ಬಂದ ಮೇಲೆ ಒಲೆಯ ಮುಂದೆ ಬಹಳ ಹೊತ್ತು ನಿಂತು, ಆ ಹುಡುಗನಿಗೆ ತಾಯಿ ಇಲ್ಲ ಕಣಪ್ಪ, ಅಲ್ಲಿ ವಿಪರೀತ ಚಳಿಯಂತೆ, ಇಲ್ಲಿ ನೀನು ಇದನ್ನ ಹಾಕ್ಕೊಂಡು ಯಾರಿಗೆ ತೋರಿಸ್ಬೇಕು, ಕೊಟ್ಟುಬಿಡು, ಬಂದಮೇಲೆ ವಾಪಸ್ ಕೊಡ್ತಾನೆ. ಕೊಟ್ಟೆ. ಅವನು ವಾಪಸ್ ಕೊಡಲಿಲ್ಲ, ಅಮ್ಮ ಹೋಗಿ ಮೂವತ್ತು ವರ್ಷವಾಯಿತು, ಅವಳ ಕೈಯ ಹೆಣಿಗೆ ನನ್ನ ಮನೆಯಲ್ಲಿ ಒಂದೂ ಇಲ್ಲ, ಈ ಗೋಡೆಯ ಮೇಲಿದೆ. ಈಗ ಕೆಂಪು ಪೆನ್ನು ನನ್ನ ಕೈಯಲ್ಲಿ. ಒಂದು ಗೆರೆ, ಅಷ್ಟೇ, ನ್ಯಾಯದ ಗೆರೆ, ಯಾರೂ ಬೆರಳೆತ್ತಲಾರರು. ಹಾಗಾದರೆ ಕೈ ಏಕೆ ನಿಂತಿದೆ? ಏಕೆಂದರೆ ಆ ಗೆರೆಯನ್ನು ನೆನೆದಾಗ ಬಾಯಲ್ಲಿ ನೀರೂರಿತು, ನಾಚಿಕೆಗೆಟ್ಟು ನೀರೂರಿತು, ನ್ಯಾಯಕ್ಕೆ ರುಚಿ ಇರಬಾರದು. ಕಚೇರಿಯ ಸಹಾಯಕಿ ನಡುವೆ ಎರಡು ಸಲ ಬಂದು ನೋಡಿ ಹೋದರು, ಸಾರ್, ಕಂಪ್ಯೂಟರ್ ತಪ್ಪು ಮಾಡಲ್ಲ ಬಿಡಿ, ನೀವು ಸುಮ್ನೆ ಕಣ್ಣು ನೋಯಿಸ್ಕೋತೀರ — ಅದು ಮಾಡಲ್ಲಮ್ಮ, ಹೇಳಿಕೊಟ್ಟವರು ಮಾಡ್ತಾರೆ — ಹೇಳಿಕೊಟ್ಟಿದ್ದು ನಾನೇ ಸಾರ್ — ಹಾಗಾದ್ರೆ ಕೂತ್ಕೊಳ್ಳಿ, ನಿಮ್ಮ ಜೊತೆ ಇನ್ನೊಬ್ಬ ಇದ್ದಾನೆ, ಎನ್ನಬೇಕೆನಿಸಿತು. ಹೊರಗೆ ಕಾರಿಡಾರಿನಲ್ಲಿ ಒಬ್ಬ ತಂದೆ ಕೇಳುತ್ತಿದ್ದಾನೆ, ಅಲ್ಲಿ ಚಳಿ ಎಷ್ಟಿರುತ್ತೆ ಮೇಡಂ, ನಮ್ಮ ಹುಡುಗಿಗೆ ಬೇಗ ನೆಗಡಿ ಆಗುತ್ತೆ. ಅವಳು ಎಂಟನೆಯವಳೇ ಇರಬಹುದು. ಯಾರಾದರೇನು.

ಬಾಗಿಲು, ಅವನ ಕೆಮ್ಮು, ಅವನ ಹೊರದೇಶದ ಕೆಮ್ಮು ಎಂದೇ ನಾನು ಕರೆಯುವುದು, ಏನೋ ದಶಮಾಂಶ, ಏಳನೇ ಸಾಲಿಗೆ ಬಿಡಾರ ಹೂಡಿದ್ದೀಯಂತೆ, ಮೇಡಂ ಹೆದರಿಬಿಟ್ಟಿದ್ದಾರೆ. ನನ್ನ ಮೊಮ್ಮಗಳು ಅರ್ಜಿ ಹಾಕಿದ ಮೇಲೆ ನಾನು ಆ ಪಟ್ಟಿ ಮುಟ್ಟಲ್ಲ ಎಂದು ಬರೆದುಕೊಟ್ಟಿರುವವನು, ಈಗಲೂ ಮುಟ್ಟಲಿಲ್ಲ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿ ನೋಡಿದ, ತುಟಿ ಅಲ್ಲಾಡಿತು, ಅವನು ಭಾಗಿಸುವುದು ಯಾವಾಗಲೂ ತುಟಿಯಿಂದಲೇ. ತುಟಿ ನಿಂತಿತು. ಇದು ನಮ್ಮದೇ ಲೆಕ್ಕ ಅಲ್ವೇನೋ, ಎಂದ. ಯಾವ ನಮ್ಮದು, ಎಂದೆ. ನಾಟಕ ಆಡಬೇಡ, ವಿಮಾನದಲ್ಲಿ ಊಟದ ಜೊತೆ ಒಂದು ಕಾಗದದ ಕರವಸ್ತ್ರ ಕೊಟ್ಟಿದ್ರು, ನಿದ್ದೆ ಬರದೆ ಅದರ ಮೇಲೆ ನನ್ನ ಅಂಕ ಭಾಗಿಸಿ ನೋಡ್ದೆ, ಎಂಬತ್ತನಾಲ್ಕೇ ಬಂತು, ಮತ್ತೆ ನೋಡ್ದೆ, ಎಂಬತ್ತನಾಲ್ಕೇ. ಆಗ ಗೊತ್ತಾಯ್ತು, ನಿನ್ನಂಥವನು ಲೆಕ್ಕ ತಪ್ಪೋದುಂಟಾ, ನೀನು ಬೇಕಂತಲೇ ಬಿಟ್ಟುಕೊಟ್ಟಿದ್ದೆ, ತಾಯಿ ಇಲ್ಲದವನು ಅಂತ, ಸ್ವೆಟರನ್ನೂ ಕೊಟ್ಟು ಕಳಿಸಿದ್ದೆ, ಅತ್ತುಬಿಟ್ಟೆ ಕಣೋ, ಪಕ್ಕದ ಸೀಟಿನ ಮುದುಕಿ ನೀರು ಕುಡಿಸಿದ್ಲು. ಹೇಳಲಿಲ್ಲವೇಕೆ, ಎಂದೆನೋ, ಎಂದುಕೊಂಡೆನೋ. ಹೇಳಿದ್ರೆ ನೀನು ಒಪ್ಕೋತಿದ್ಯಾ, ನಿನ್ನ ಸ್ವಭಾವ ನಂಗೆ ಗೊತ್ತಿಲ್ವಾ, ಮಾಡಿದ ಉಪಕಾರ ಬಾಯಿಬಿಡೋ ಜಾತಿಯೇ ಅಲ್ಲ ನೀನು, ಸ್ವೆಟರ್ ವಾಪಸ್ ತಂದ್ರೆ ಬೇಜಾರು ಮಾಡ್ಕೋತೀಯ ಅಂತ ಅದನ್ನೂ ತರಲಿಲ್ಲ, ನಿನ್ನ ಮುಂದೆ ಅಲ್ಲಿ ಹಾಗೆ ಅಲ್ಲಿ ಹೀಗೆ ಅಂತ ಬಡ್ಕೋತಿದ್ದೆನಲ್ಲ, ನೀನು ಕಳಿಸಿದ ಜಾಗ ಹೇಗಿತ್ತು ಅಂತ ನಿಂಗಲ್ಲದೆ ಇನ್ಯಾರಿಗೆ ಹೇಳಲಿ. ಬಿಸಿಲು ಹಾಳೆ ದಾಟಿತು. ಹೊಡೆದು ಹಾಕು, ಎಂದ, ಮಗು ಒಂದು ವಾರ ಅಳ್ತಾಳೆ, ಆಗ್ಲೇ ಆ ಸ್ವೆಟರನ್ನ ಪೆಟ್ಟಿಗೆಗೆ ಹಾಕ್ಕೊಂಡು ಕೂತಿದ್ದಾಳೆ, ಇರಲಿ, ಇನ್ನೊಬ್ಬರ ಸೀಟಲ್ಲಿ ನಮ್ಮ ಮನೆಯವರು ಒಂದು ಸಲ ಕೂತಿದ್ದು ಸಾಕು.

ಹೊಡೆದೆ. ಒಂದು ಕೆಂಪು ಗೆರೆ, ಅದರ ಪಕ್ಕ ಎಂಟನೆಯವಳ ಸಂಖ್ಯೆ, ಕೆಳಗೆ ನನ್ನ ಸಹಿ, ದಿನಾಂಕ. ರುಚಿ ಇರಲಿಲ್ಲ. ನಿನ್ನ ಋಣ ತೀರಿತು ಕಣೋ, ಇವತ್ತು ಹಗುರಾದೆ, ಎಂದು ಹೆಗಲ ಮೇಲೆ ಕೈಯಿಟ್ಟ, ಕೈ ಭಾರವಾಗಿತ್ತು, ಇದನ್ನೂ ಅವನೇ ಗೆದ್ದ, ಬಿಟ್ಟುಕೊಡುವುದನ್ನೂ, ನಾನು ಎಂದೂ ಬಿಟ್ಟುಕೊಡದೆ ಇದ್ದದ್ದನ್ನು ಅವನು ಒಂದು ನಿಮಿಷದಲ್ಲಿ ಬಿಟ್ಟುಕೊಟ್ಟ — ಹೊಟ್ಟೆಕಿಚ್ಚಿಗೆ ಇನ್ನು ಅವನು ಸಾಲದು, ಈಗ ಅದು ಇನ್ನೊಬ್ಬನ ಕಡೆ ತಿರುಗಿದೆ, ಅವನು ನಲವತ್ತಾರು ವರ್ಷ ನೆನೆದುಕೊಂಡ ಆ ಸ್ನೇಹಿತನ ಕಡೆ, ದೊಡ್ಡ ಮನಸ್ಸಿನವನು, ಸ್ವೆಟರ್ ಕೊಟ್ಟವನು, ನನ್ನ ಹೆಸರಿನಲ್ಲಿ ಇವನ ಎದೆಯಲ್ಲಿ ಬಾಳಿ ನಾನು ಒಂದು ದಿನವೂ ಆಗದೆ ಹೋದವನು. ಹೇಳಬೇಕು. ಎರಡೇ ಮಾತು, ಎರಡು ಚೌಕಕ್ಕೆ ಹಿಡಿಸುವಷ್ಟು: ತಪ್ಪಾಯಿತು, ಅಷ್ಟೇ, ಅದು ಕೊಡುಗೆಯಲ್ಲ ಮಾರಾಯ, ಲೆಕ್ಕದ ತಪ್ಪು. ಅವನು ಬಾಗಿಲ ಬಳಿ ಇದ್ದಾನೆ, ಸ್ವೆಟರ್ ನಾಳೆ ತಂದುಕೊಡ್ತೀನಿ ಅಂತ ಹೇಳುತ್ತಿದ್ದಾನೆ, ನಿಮ್ಮಮ್ಮ ಹೊಲಿದ ಗುಂಡಿ ಒಂದೂ ಬಿಚ್ಚಿಲ್ಲ, ಹಾಗೇ ಇದೆ, ಬಾಯಿ ತೆರೆದೆ, ತೆರೆದಿದೆ, ಅವನ ಹೆಜ್ಜೆ ಕಾರಿಡಾರಿನಲ್ಲಿ ಆರು, ಏಳು, ಎಂಟು, ಕರೆದರೆ ಕೇಳುವಷ್ಟು ಹತ್ತಿರ ಇನ್ನೂ ಇದ್ದಾನೆ, ಬಿಸಿಲು ಗೋಡೆ ಏರಿತು, ಹಿಮ, ಕಂದು ಉಣ್ಣೆ, ಒಂದು, ಎರಡು, ಕಪ್ಪು ಗುಂಡಿ, ಕಪ್ಪು ಗುಂಡಿ