ಸೂರಮ್ಮನ ಎಡೆ, ಸೌಂದರ್ಯಳ ಡಬ್ಬಿ

ಭೀಮನ ಅಮಾವಾಸ್ಯೆಯ ಮರುದಿನ ಬೆಳಗ್ಗೆ ಗಾಳಿ ನಿಂತುಹೋಗಿತ್ತು. ಆಷಾಢವಿಡೀ ಬಿ.ಜಿ. ಕೆರೆ ಊರಿನ ಮೇಲೆ ಹಗಲಿರುಳೆನ್ನದೆ ಬೀಸಿದ ಗಾಳಿ, ಯಾರೋ ಎದ್ದು ಕದ ಮುಚ್ಚಿದಂತೆ ನಿಂತಿತ್ತು. ಗುಡ್ಡದ ಮೇಲಿನ ಗಾಳಿಯಂತ್ರಗಳ ರೆಕ್ಕೆಗಳು ಅಲುಗಲಿಲ್ಲ. ಮೋಡ ಕೆಳಗಿಳಿದಿತ್ತು, ಮಳೆ ಇರಲಿಲ್ಲ. ಮೈಗೆ ಅಂಟಿಕೊಳ್ಳುವ ಸೆಕೆ.

ಯರ್ರಪ್ಪ ತಾತ ಹಿಂದಿನ ಕೋಣೆಯ ಅಗುಳಿ ತೆಗೆದ. ಅವನ ಹೆಂಡತಿ ಸೂರಮ್ಮ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ವರ್ಷ ತುಂಬುವ ತನಕ ಪ್ರತಿ ಅಮಾವಾಸ್ಯೆಯ ಸಂಜೆ ಸತ್ತವರಿಗೆ ಎಡೆ ಇಡುವುದು ಅವರ ಮನೆತನದ ರೂಢಿ. ಬಾಳೆ ಎಲೆಯಲ್ಲಿ ಅನ್ನ, ಪಲ್ಯ, ಮೇಲೆ ಒಂದು ಹನಿ ತುಪ್ಪ. ಮೇಲೊಂದು ಬಿದಿರಿನ ಪುಟ್ಟಿ ಕವುಚಿ, ಸುತ್ತಲೂ ರಾಗಿಹಿಟ್ಟು ಉದುರಿಸಿ, ಕದ ಹಾಕುತ್ತಿದ್ದರು. ಬೆಳಗಾದ ಮೇಲೆ ತೆಗೆದು ನೋಡುವುದು. ಹಿಟ್ಟಿನ ಮೇಲೆ ಗುರುತು ಮೂಡಿದ್ದರೆ ಹೋದವರು ಬಂದು ಉಂಡುಹೋದರು ಎಂದು ಅರ್ಥ. ಆ ಎಡೆಯ ಅನ್ನ ಮನೆಯ ಕಿರಿಯ ಕೂಸಿಗೆ ಸೇರಬೇಕು. ಅದು ಹಿರಿಯರ ಪ್ರಸಾದ.

ತಾತ ಬಗ್ಗಿ ನೋಡಿದ. ಹಿಟ್ಟಿನ ಮೇಲೆ ಸಣ್ಣ ಸಣ್ಣ ಗುರುತುಗಳಿದ್ದವು. ಯಾರೋ ಬೆರಳ ತುದಿಯಲ್ಲಿ ನಡೆದು ಪುಟ್ಟಿಯ ತನಕ ಹೋಗಿ ಹಿಂದಿರುಗಿದ ಹಾಗೆ.

"ಬಂದಿದ್ಲು," ಎಂದ, ತನಗಷ್ಟೇ ಕೇಳಿಸುವಂತೆ.

ಸೊಸೆ ಸುನಿತಾ ಎಲೆಯನ್ನು ಅಡುಗೆಮನೆಗೆ ತಂದಳು. ಅನ್ನ ಸ್ವಲ್ಪ ಅಂಟಂಟಾಗಿತ್ತು. ಸೌಟು ಎತ್ತಿದಾಗ ನರೆಗೂದಲಿನಂಥ ಎಳೆಯೊಂದು ಅದರ ಜೊತೆ ಮೇಲೆದ್ದು, ತುಂಡಾಯಿತು. ತುಪ್ಪವಿರಬೇಕು ಅಂದುಕೊಂಡಳು. ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು ನಿಂಬೆಹಣ್ಣು ಹಿಂಡಿ ಚಿತ್ರಾನ್ನ ಮಾಡಿದಳು. ಒಗ್ಗರಣೆ ಬಿದ್ದರೆ ಹಳೆಯದೂ ಹೊಸದಾಗುತ್ತದೆ ಎಂಬುದು ಆ ಮನೆಯ ನಂಬಿಕೆ. ಹೊಗೆಯಾಡುತ್ತಿದ್ದಂತೆಯೇ ಮಗಳ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದಳು. ಮುಚ್ಚಳದ ನಡುಭಾಗ ಟಕ್ ಎಂದು ಮೇಲಕ್ಕುಬ್ಬಿತು. ಒಳಗಿನಿಂದ ಯಾರೋ ಬೆರಳು ಬಡಿದ ಹಾಗೆ. ಸುನಿತಾ ಅದನ್ನು ಮತ್ತೆ ಒತ್ತಿ ಬ್ಯಾಗಿಗೆ ಹಾಕಿದಳು.

ಸೌಂದರ್ಯ ಮೊಳಕಾಲ್ಮುರಿನ ಶಾಲೆಯೊಂದರಲ್ಲಿ ಎಲ್‌ಕೆಜಿ. ವ್ಯಾನ್ ಬಂತು. ಬ್ಯಾಗುಗಳನ್ನೆಲ್ಲ ಡ್ರೈವರ್ ಪಕ್ಕದಲ್ಲಿ, ಎಂಜಿನ್ನಿನ ಮೇಲೆ ಪೇರಿಸಿದರು. ಅಲ್ಲಿ ಕೈ ಇಟ್ಟರೆ ಸುಡುತ್ತದೆ.

ಮಧ್ಯಾಹ್ನ ಶಾಲೆಯಿಂದ ಫೋನು. ಊಟ ಮಾಡಿದ ಸ್ವಲ್ಪ ಹೊತ್ತಿಗೆ ಮಗು ಕಾರಿಕೊಳ್ಳುತ್ತಿದೆ, ನಿಲ್ಲುತ್ತಿಲ್ಲ, ಬೇಗ ಬನ್ನಿ ಎಂದರು. ಸುನಿತಾ ಹೋಗುವಷ್ಟರಲ್ಲಿ ಮಗುವಿನ ಕಣ್ಣುಗಳು ಒಳಗೆ ಸೇರಿದ್ದವು, ತುಟಿ ಒಣಗಿತ್ತು. ಆಸ್ಪತ್ರೆಯಲ್ಲಿ ಸಂಜೆಯ ತನಕ ಗ್ಲೂಕೋಸ್ ಬಾಟಲಿ ಏರಿಸಿದರು. ಊಟದಿಂದ ಆಗಿದೆ, ಏನು ತಿನ್ನಿಸಿದ್ದಿರಿ ಎಂದು ಡಾಕ್ಟರು ಕೇಳಿದರು. ಚಿತ್ರಾನ್ನ ಎಂದಳು ಸುನಿತಾ, ಪ್ರಸಾದ ಎನ್ನಲಿಲ್ಲ.

ಹಿಂದಿನ ತಿಂಗಳು ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನವೂ ಹೀಗೇ ಆಗಿತ್ತು. ಆಗ ಎರಡು ಸಲ ಕಾರಿ ಸುಮ್ಮನಾಗಿದ್ದಳು. ಈ ಸಲ ಜೀವವೇ ಹೋಗುವ ಹಾಗಾಯಿತು. ಹಾಸಿಗೆಯಲ್ಲಿ ಮಲಗಿ ಸೌಂದರ್ಯ ತಾಯಿಯ ಸೆರಗು ಎಳೆದಳು.

"ಅವ್ವ, ಅಜ್ಜಿ ಬಾಕ್ಸಲ್ಲಿ ಕೂತಾಳೆ. ಮುಚ್ಚಳ ತೆಗೆದ್ರೆ ಉಸಿರು ಬಿಡ್ತಾಳೆ."

ಸುನಿತಾ ಮನೆಗೆ ಬಂದು ಡಬ್ಬಿಯಲ್ಲಿ ಉಳಿದ ಅನ್ನವನ್ನು ಹಿತ್ತಿಲಿಗೆ ಹಾಕಿದಳು. ಕೋಳಿಗಳು ಓಡಿ ಬಂದವು, ಕೊಕ್ಕು ತಗ್ಗಿಸಿದವು, ಹಿಂದೆ ಸರಿದವು. ಡಬ್ಬಿಯನ್ನು ಬೂದಿ ಹಾಕಿ ತಿಕ್ಕಿದಳು, ಸೋಪು ಹಾಕಿ ತಿಕ್ಕಿದಳು. ಮೂಗಿನ ಹತ್ತಿರ ಹಿಡಿದರೆ ಒಂದು ವಾಸನೆ ಹಾಗೇ ಇತ್ತು. ಮುಚ್ಚಿಟ್ಟ ಕೋಣೆಯ ವಾಸನೆ.

ಹಿಂದಿನ ಕೋಣೆಯಲ್ಲಿ ಯರ್ರಪ್ಪ ತಾತ ಯಾರ ಜೊತೆಯೋ ಮಾತಾಡುತ್ತಿದ್ದ. ಸುನಿತಾ ಕದದ ಬಳಿ ನಿಂತಳು. ಒಳಗೆ ಅವನೊಬ್ಬನೇ ಇದ್ದ.

"ಕೂಸನ್ನ ಬಿಟ್ಬಿಡು ಸೂರಿ. ನಿಂಗೆ ಜೊತೆ ಬೇಕಂದ್ರೆ ನಾನು ಬರ್ತೀನಿ."

ಊರಲ್ಲಿ ಸುದ್ದಿ ಹಬ್ಬಿತು. ಸೂರಮ್ಮ ಮೊಮ್ಮಗಳ ಮೇಲಿನ ಆಸೆಗೆ ಬರುತ್ತಿದ್ದಾಳೆ, ಕರೆದುಕೊಂಡು ಹೋಗದೆ ಬಿಡುವುದಿಲ್ಲ ಎಂದರು. ಒಬ್ಬರು ದಾರ ಕಟ್ಟಿಸಿ ಎಂದರು, ಇನ್ನೊಬ್ಬರು ಬೂದಿ ಹಚ್ಚಿ ಎಂದರು. ಎದುರುಮನೆಯ ಮುದ್ದಕ್ಕ ಮಾತ್ರ ಜಗಲಿಯ ಮೇಲೆ ಕಾಲು ಚಾಚಿ, ಎಲೆಯಡಿಕೆ ಜಗಿಯುತ್ತ ಕೇಳಿದಳು. "ಅಲ್ಲ ಕಣೇ ಸುನಿತಾ, ನಿಮ್ಮತ್ತೆ ಬದುಕಿದ್ದಾಗ ಆ ಕೂಸನ್ನ ಬಿಟ್ಟು ಒಂದು ತುತ್ತು ತಿಂದೋಳಲ್ಲ. ಸತ್ತ ಮ್ಯಾಲೆ ಕಿತ್ಕೊಂಡು ತಿಂತಾಳಾ? ನಂಬೋಕೂ ಒಂದು ಲೆಕ್ಕ ಬ್ಯಾಡ್ವಾ?"

ಸುನಿತಾಳ ಗಂಡ ಮಾರುತೇಶ ಕುದಾಪುರದ ಕಡೆ ಕ್ಯಾಂಪಸ್ಸೊಂದರಲ್ಲಿ ತೋಟದ ಕೆಲಸಕ್ಕೆ ಹೋಗುತ್ತಾನೆ. ಅವನು ಎಡೆ ಇಡುವುದನ್ನೇ ನಿಲ್ಲಿಸೋಣ ಎಂದ. ತಾತ ಮಗನ ಮುಖ ನೋಡಲಿಲ್ಲ. ಹಸಿದು ಬಂದವಳನ್ನು ಬಾಗಿಲಿಂದ ಕಳಿಸುವವನು ನಾನಲ್ಲ ಎಂದು ಎದ್ದು ಹೋದ. ಅಂದಿನಿಂದ ಅಪ್ಪ ಮಗನ ಮಾತು ನಿಂತಿತು.

ಆಶಾ ಕಾರ್ಯಕರ್ತೆ ಪುಷ್ಪಲತಾ ಓಆರ್‌ಎಸ್ ಪೊಟ್ಟಣಗಳೊಂದಿಗೆ ಮಗುವನ್ನು ನೋಡಲು ಬಂದಳು. ಅದೇ ಊರಿನ ಸೊಸೆ. ಯರ್ರಪ್ಪನನ್ನು ತಾತ ಎಂದೇ ಕರೆಯುವವಳು. ಕುದಿಸಿ ಆರಿಸಿದ ನೀರಿನಲ್ಲಿ ಪುಡಿ ಕಲಸಿ, ಗುಟುಕು ಗುಟುಕಾಗಿ ಕುಡಿಸುವುದನ್ನು ತೋರಿಸಿದಳು. ಮತ್ತೆ ವಾಂತಿ ನಿಲ್ಲದಿದ್ದರೆ, ಮಗು ಉಚ್ಚೆ ಹೊಯ್ಯದಿದ್ದರೆ, ಮಂಕಾಗಿ ಮಲಗಿದರೆ ಒಂದು ಗಳಿಗೆಯೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಬೇಕು ಎಂದಳು. ಆಮೇಲೆ ಡಬ್ಬಿ ಕೇಳಿದಳು.

ಮುಚ್ಚಳದ ಒಳಗೆ ಸುತ್ತಲೂ ಒಂದು ರಬ್ಬರ್ ಬಳೆ ಇತ್ತು. ಪುಷ್ಪಲತಾ ತಲೆಯ ಪಿನ್ನು ತೆಗೆದು ಅದನ್ನು ಮೆಲ್ಲಗೆ ಎಬ್ಬಿಸಿದಳು. ಅದರಡಿಯಲ್ಲಿ ಕಪ್ಪಗೆ, ಲೋಳೆಯಾಗಿ ಏನೋ ಬೆಳೆದಿತ್ತು. ಶಾಲೆ ಶುರುವಾದಾಗಿನಿಂದ ಸುನಿತಾ ಆ ಬಳೆಯನ್ನು ಬಿಚ್ಚಿರಲೇ ಇಲ್ಲ. ಅದು ಬಿಚ್ಚುತ್ತದೆ ಎಂದೇ ಗೊತ್ತಿರಲಿಲ್ಲ.

ಮುಚ್ಚಿಟ್ಟ ಕೋಣೆಯ ವಾಸನೆ ಬರುತ್ತಿದ್ದದ್ದು ಅಲ್ಲಿಂದ.

ಎಡೆಯ ವಿಷಯವನ್ನು ಸುನಿತಾ ಪಿಸುದನಿಯಲ್ಲಿ ಹೇಳಿದಳು. ತಾತ ಒಳಗಿನಿಂದಲೇ ಕೇಳಿಸಿಕೊಂಡು ಹೊರಗೆ ಬಂದ. ನಿನಗೆ ಗುಳಿಗೆ ಗೊತ್ತು, ಹೋದವರ ದಾರಿ ಗೊತ್ತಿಲ್ಲ ಎಂದ. ಪುಷ್ಪಲತಾ ಹೌದು ಎಂದು ಒಪ್ಪಿಕೊಂಡಳು.

"ಹಿಟ್ಟಿನ ಮ್ಯಾಲೆ ನಡೆದದ್ದು ಹಲ್ಲಿನೋ, ಜಿರಲೆನೋ, ಅಜ್ಜಿನೋ, ನಾ ಹೇಳಾಕಾಗಲ್ಲ ತಾತ. ಆದ್ರೆ ಕೂಸಿಗೆ ತೊಂದ್ರೆ ಮಾಡ್ತಿರೋದು ಅಜ್ಜಿನಾ ಅಲ್ವಾ ಅನ್ನೋದನ್ನ ನೀನೇ ನೋಡಬಹುದು. ನಾನು ಮುಟ್ಟಲ್ಲ. ಎಲ್ಲ ನಿನ್ನ ಕೈಯಾರೆ."

ಸೂರಮ್ಮನ ಮೇಲಿನ ಆ ಮಾತನ್ನು ಹೊತ್ತು ತಿರುಗುವುದು ತಾತನಿಗೂ ಭಾರವಾಗಿತ್ತು. ಆಗಲಿ ಎಂದ.

ಮುಂದಿನ ತಿಂಗಳು ಬೆನಕನ ಅಮಾವಾಸ್ಯೆ ಬಂತು. ಪುಷ್ಪಲತಾ ಹೇಳಿಕೊಟ್ಟಂತೆ ಸಂಜೆ ಒಂದೇ ಪಾತ್ರೆಯಲ್ಲಿ ಅನ್ನ ಮಾಡಿದರು. ಒಂದು ಪಾಲನ್ನು ತಾತ ಎಡೆ ಇಟ್ಟು ಕೋಣೆಯ ಕದ ಹಾಕಿದ. ಇನ್ನೊಂದು ಪಾಲನ್ನು ಅಡುಗೆಮನೆಯಲ್ಲಿ ತೂಗುವ ನೆಲುವಿನ ಮೇಲೆ, ದೇವರಿಗೂ ತೋರಿಸದೆ, ಸತ್ತವರ ಹೆಸರನ್ನೂ ಎತ್ತದೆ ಮುಚ್ಚಿಟ್ಟ. ಬೆಳಗ್ಗೆ ಹೊಸದಾಗಿ ಮತ್ತೊಂದು ಅನ್ನವಾಯಿತು. ಅದನ್ನು ಅಗಲ ತಟ್ಟೆಯಲ್ಲಿ ಹರವಿ, ಹಬೆ ಹೋದ ಮೇಲೆ ಒಣ ಡಬ್ಬಿಗೆ ತುಂಬಿದರು. ಮೂರೂ ಅನ್ನ ಮೂರು ಒಣ ಡಬ್ಬಿಯಲ್ಲಿ, ಬಿಸಿಲು ಬೀಳುವ ಕಟ್ಟೆಯ ಮೇಲೆ ಕುಳಿತವು. ಅಂದು ಸೌಂದರ್ಯಳನ್ನು ಶಾಲೆಗೆ ಕಳಿಸಲಿಲ್ಲ. ಅವಳು ಮುದ್ದಕ್ಕನ ಮನೆಯಲ್ಲಿ ಬಿಸಿ ಮುದ್ದೆ ತಿಂದು ಬಂದಳು.

ಹಿಟ್ಟಿನ ಮೇಲೆ ಈ ಸಲವೂ ಗುರುತಿತ್ತು.

ಹೊತ್ತು ಏರಿತು. ಓಣಿಯವರೂ ಪುಷ್ಪಲತಾಳೂ ಕಟ್ಟೆಯ ಸುತ್ತ ಸೇರಿದರು. ಶಾಲೆಯಲ್ಲಿ ಊಟದ ಗಂಟೆ ಹೊಡೆಯುವ ಹೊತ್ತಿಗೆ ಯರ್ರಪ್ಪ ತಾತ ಕಟ್ಟೆಯ ಬಳಿ ಕುಕ್ಕರುಗಾಲಲ್ಲಿ ಕುಳಿತು ಎಡೆಯ ಡಬ್ಬಿ ತೆಗೆದ. ಒಳಗಿನಿಂದ ಬೆಚ್ಚನೆಯ ಉಸಿರೊಂದು ಮುಖಕ್ಕೆ ಬಡಿಯಿತು. ಅನ್ನ ಬೆವತಿತ್ತು. ಬೆರಳಲ್ಲಿ ಮುಟ್ಟಿದರೆ ಬಿಳಿ ಎಳೆ ಜೊತೆಗೇ ಎದ್ದು ಬಂತು. ತಾತ ಕಣ್ಣು ಮುಚ್ಚಿಕೊಂಡ.

ಆಮೇಲೆ ಅಡುಗೆಮನೆಯ ಡಬ್ಬಿ ತೆಗೆದ. ಅದೇ ಉಸಿರು. ಅದೇ ಬೆವರು. ಅದೇ ಎಳೆ.

ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡುತ್ತ ಕುಳಿತ. ಯಾವುದು ಎಡೆ, ಯಾವುದು ಅಲ್ಲ ಎಂದು ಹೇಳುವುದು ಅವನಿಗೇ ಆಗಲಿಲ್ಲ. ಮೂರನೆಯದನ್ನು ತೆಗೆದಾಗ ಅನ್ನ ಅಗುಳು ಅಗುಳಾಗಿ ಬಿಡಿಯಾಗಿತ್ತು, ಬೆಳಗಿನ ವಾಸನೆಯೇ ಇತ್ತು.

"ನೆಲುವಿನ ಹತ್ರ ಅವಳು ಬರ್ಲಿಲ್ಲ," ಎಂದ ತಾತ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹೇಳಿದ. "ಅವಳಲ್ಲ. ನನ್ನ ಸೂರಿ ಅಲ್ಲ."

ಅವನು ಅತ್ತದ್ದನ್ನು ಓಣಿಯವರು ಕಂಡದ್ದು ಅಂದೇ. ಮಣ್ಣು ಮಾಡಿದ ದಿನವೂ ಅತ್ತಿರಲಿಲ್ಲ. ಮಾರುತೇಶ ಬಂದು ಅಪ್ಪನ ಪಕ್ಕ ಕುಳಿತ. ಈ ಸಲ ತಾತ ಎದ್ದು ಹೋಗಲಿಲ್ಲ.

ಪುಷ್ಪಲತಾ ಆಗ ನಿಧಾನವಾಗಿ ತಿಳಿಸಿದಳು. ಅಕ್ಕಿಯಲ್ಲೇ ಕಣ್ಣಿಗೆ ಕಾಣದ ಜೀವಾಣುಗಳಿರುತ್ತವೆ. ಬೇಯಿಸಿದರೂ ಅವುಗಳ ಬೀಜ ಸಾಯುವುದಿಲ್ಲ. ಬೆಂದ ಅನ್ನ ಬೆಚ್ಚಗೆ ಮುಚ್ಚಿಕೊಂಡು ಗಂಟೆಗಟ್ಟಲೆ ಕೂತರೆ ಆ ಬೀಜ ಮೊಳೆತು ವಿಷ ಬಿಡುತ್ತದೆ. ಆ ವಿಷ ಒಗ್ಗರಣೆಗೆ ಹೋಗುವುದಿಲ್ಲ, ಮತ್ತೆ ಕಾಯಿಸಿದರೂ ಹೋಗುವುದಿಲ್ಲ, ನಿಂಬೆಹುಳಿಯಿಂದ ಬರೀ ವಾಸನೆ ಮುಚ್ಚುತ್ತದೆ. ವಾಸನೆ ಬಾರದ ಅನ್ನದಲ್ಲೂ ವಿಷ ಇರಬಹುದು. ರಜೆಯಲ್ಲಿ ಮಗು ಎಡೆಯನ್ನು ಬೆಳಗ್ಗೆಯೇ ಮನೆಯಲ್ಲಿ ತಿಂದು ಹೊಟ್ಟೆನೋವು ಎಂದಷ್ಟೇ ಅನ್ನುತ್ತಿತ್ತು. ಶಾಲೆ ಶುರುವಾದ ಮೇಲೆ ರಾತ್ರಿಯ ಅನ್ನಕ್ಕೆ ಬಿಸಿ ಡಬ್ಬಿಯೂ, ವ್ಯಾನಿನ ಎಂಜಿನ್ನಿನ ಕಾವೂ, ಆ ರಬ್ಬರ್ ಬಳೆಯ ಕೊಳೆಯೂ ಸೇರಿದವು.

ಸುನಿತಾ ಒಂದೇ ಪ್ರಶ್ನೆ ಕೇಳಿದಳು. "ಮಾವ ಇಡೋ ಎಡೆ ಏನ್ ಮಾಡಾದು ಪುಷ್ಪಕ್ಕ?"

"ಎಡೆ ಬಿಡ್ರಿ ಅಂತ ನಾ ಹೇಳಲ್ಲವ್ವ. ದೇವರಿಗೂ ಹಿರಿಯರಿಗೂ ಕೊಡಬೇಕಾದ್ದು ಕೊಡ್ರಿ. ಬಿಸಿದು ಕೊಡ್ರಿ. ರಾತ್ರಿ ಉಳಿದದ್ದನ್ನ ಮಾತ್ರ ಕೂಸಿನ ಬಾಕ್ಸಿಗೆ ಹಾಕಬ್ಯಾಡ್ರಿ."

ಈ ಕಥೆಯನ್ನು ಊರಿನ ಸಂಘದಲ್ಲಿ ಓದಿಸಿ ಕೇಳುತ್ತಿರುವ ಅಕ್ಕಂದಿರೇ, ತಾಯಂದಿರೇ, ಮೊಮ್ಮಕ್ಕಳನ್ನು ವ್ಯಾನಿಗೆ ಹತ್ತಿಸುವ ಅಜ್ಜಂದಿರೇ, ನಾಳೆ ಬೆಳಗ್ಗೆ ನಿಮ್ಮ ಮಗುವಿನ ಡಬ್ಬಿಯನ್ನು ಒಮ್ಮೆ ಕೈಗೆತ್ತಿಕೊಳ್ಳಿ. ಮುಚ್ಚಳದ ಬಳೆ ಬಿಚ್ಚಿ ನೋಡಿ. ಅದನ್ನು ದಿನವೂ ಬೇರೆಯಾಗಿ ತೊಳೆದು ಬಿಸಿಲಿಗೆ ಒಣಗಿಸಿ. ಒದ್ದೆ ಡಬ್ಬಿಗೆ ಊಟ ಹಾಕಬೇಡಿ. ಸೋಪು ಹಚ್ಚಿ ಕೈ ತೊಳೆದೇ ಅಡುಗೆಗೆ ನಿಲ್ಲಿ. ಡಬ್ಬಿಯ ಊಟ ಅಂದೇ ಬೆಳಗ್ಗೆ ಆಗಲಿ. ಹಬೆ ಆರಿದ ಕೂಡಲೇ ಮುಚ್ಚಿ, ನಾಲ್ಕು ಗಂಟೆಯೊಳಗೆ ಮಗು ಉಣ್ಣುವ ಹಾಗೆ ನೋಡಿಕೊಳ್ಳಿ. ಬೇಸಿಗೆಯಲ್ಲಿ ಕಾಯಿಚಟ್ನಿ ಬೇಗ ಹಳಸುತ್ತದೆ. ಅದರ ಬದಲು ಚಪಾತಿ, ಒಣ ಪಲ್ಯ, ಒಂದು ಬಾಳೆಹಣ್ಣು ಸಾಕು. ಬ್ಯಾಗುಗಳನ್ನು ಎಂಜಿನ್ನಿನ ಮೇಲೆ ಇಡಬೇಡಿ ಎಂದು ವ್ಯಾನಿನವರಿಗೆ ಹೇಳಿ, ನೆರಳಲ್ಲಿ ಇಡಿ ಎಂದು ಟೀಚರಿಗೆ ಹೇಳಿ. ಉಳಿಸಿ ತಂದದ್ದನ್ನು ಸಂಜೆ ಮತ್ತೆ ತಿನ್ನಿಸಬೇಡಿ. ಅನ್ನ ಚೆಲ್ಲುವುದು ಪಾಪ ಎನ್ನುವವರು ಹಿಂದಿನ ಸಂಜೆಯೇ ಒಂದು ಹಿಡಿ ಅಕ್ಕಿ ಕಡಿಮೆ ಹಾಕಿ.

ಭಯವಿರುವ ಮನೆಯಲ್ಲಿ ಸತ್ತವರ ಮೇಲೆ ತಪ್ಪು ಹೊರಿಸುವುದು ಸುಲಭ. ಅವರು ಬಂದು ಅಲ್ಲಗಳೆಯಲಾರರು. ಮಗುವಿನ ಡಬ್ಬಿ ನಮ್ಮ ಕೈಯಲ್ಲಿದೆ.

ಯರ್ರಪ್ಪ ತಾತನ ಮನೆಯಲ್ಲಿ ಮಹಾಲಯ ಅಮಾವಾಸ್ಯೆಯ ಎಡೆ ಹಗಲಲ್ಲೇ ಆಯಿತು. ಒಲೆಯಿಂದ ಅನ್ನದ ಪಾತ್ರೆ ಇಳಿದದ್ದೇ ತಾತ ಎದ್ದು ಬಂದ. ಸುನಿತಾ ಬಡಿಸುತ್ತೇನೆ ಎಂದರೂ ಬೇಡವೆಂದ. ಸೂರಮ್ಮ ಬದುಕಿದ್ದಷ್ಟು ಕಾಲ ಗಂಡನಿಗೆ, ಮಗನಿಗೆ, ಆಮೇಲೆ ಮೊಮ್ಮಗಳಿಗೆ ಒಲೆ ಮುಂದಿನ ಬಿಸಿ ಅನ್ನ ಬಡಿಸಿ, ತಾನು ಕೊನೆಯಲ್ಲಿ ಪಾತ್ರೆಯ ತಳದ ತಂಗಳು ಉಂಡು ಮಲಗಿದವಳು. ಅದನ್ನು ಅವನು ಒಂದು ದಿನವೂ ಗಮನಿಸಿರಲಿಲ್ಲ. ಸತ್ತ ಮೇಲೂ ರಾತ್ರಿಯೆಲ್ಲ ಕೂತ ತಂಗಳನ್ನೇ ಇಟ್ಟಿದ್ದೆನಲ್ಲ ಎಂದು ಸೊಸೆಯ ಮುಂದೆ ಒಮ್ಮೆ ಅಂದಿದ್ದ.

ಬಿಸಿ ಅನ್ನದ ಮೊದಲ ತುತ್ತನ್ನು ಬೆರಳು ಸುಡುತ್ತಿದ್ದರೂ ಕೈಯಲ್ಲೇ ತೆಗೆದುಕೊಂಡು ಹಿತ್ತಿಲ ಗೋಡೆಯ ತನಕ ನಡೆದ. ಗೋಡೆಯ ಮೇಲೆ ಇಟ್ಟು, ಕೈ ಮುಗಿದು, ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಗಾಳಿ ಇತ್ತು. ಬೇವಿನ ಮರದಿಂದ ಒಂದು ಕಾಗೆ ಇಳಿದು ಬಂತು.